ದೀಪ ಯಾಕೆ ಹತ್ತಲಿಲ್ಲ? ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬದುಕು

ಕಳೆದ ಜನವರಿಯಲ್ಲಿ ಒಂದು ಸಂಜೆ ಸಂಶಿಯ ನಮ್ಮ ಮನೆಯ ಪಡಸಾಲೆಯ ದೀಪ ಹತ್ತಲಿಲ್ಲ. ಮೆಣಸಿನಕಾಯಿಯ ಸುಗ್ಗಿ ನಡೆದಿತ್ತು. ಮಗ್ರಿಬ್ ನಮಾಜು ಮುಗಿದ ಮೇಲೆ ಅಮ್ಮಿ, ದಾದಿ ಮತ್ತು ಓಣಿಯ ಇಬ್ಬರು ಹೆಣ್ಣುಮಕ್ಕಳು ಅದೇ ದೀಪದ ಕೆಳಗೆ ಕುಳಿತು ಕಾಯಿಯ ತೊಟ್ಟು ಬಿಡಿಸುವುದು ವಾಡಿಕೆ. ಅದೇ ಬೆಳಕಿನ ಒಂದು ಮೂಲೆಯಲ್ಲಿ ನನ್ನ ಓದು. ಅಂದು ಕತ್ತಲಲ್ಲಿ ದಾದಿಯವರ ಕಾಲು ಚೀಲಕ್ಕೆ ತಗುಲಿ ಅವರು ಬಿದ್ದರು. ಪೆಟ್ಟು ದೊಡ್ಡದಾಗಲಿಲ್ಲ. ಆದರೆ ಎದ್ದು ಕುಳಿತವರು, ಮನೆಯಲ್ಲಿ ಸೈನ್ಸ್ ಓದುವ ಮೊಮ್ಮಗ ಇದ್ದೂ ಕತ್ತಲೆ ತಪ್ಪಲಿಲ್ಲವಲ್ಲ ಎಂದು ನಕ್ಕರು. ಆ ನಗೆ ನನಗೆ ನಾಟಿತು.

ನನಗೆ ತಿಳಿದಷ್ಟು ಪರೀಕ್ಷೆ ಮಾಡಿದೆ. ಅಡುಗೆ ಮನೆಯಲ್ಲಿ, ಹಿತ್ತಲಲ್ಲಿ, ಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಿದ್ದವು. ಅಂದರೆ ಕರೆಂಟ್ ಹೋಗಿಲ್ಲ, ಮೇನ್ ಫ್ಯೂಜೂ ಸರಿ ಇದೆ. ಪಡಸಾಲೆಯ ಬಲ್ಬ್ ಬಿಚ್ಚಿ ಅಡುಗೆ ಮನೆಯ ಹೋಲ್ಡರಿಗೆ ಹಾಕಿದೆ, ಹತ್ತಿತು. ಅಡುಗೆ ಮನೆಯ ಬಲ್ಬ್ ತಂದು ಪಡಸಾಲೆಗೆ ಹಾಕಿದೆ, ಹತ್ತಲಿಲ್ಲ. ತಪ್ಪು ಬಲ್ಬಿನದಲ್ಲ ಎಂದಾಯಿತು. ಸ್ವಿಚ್ ಹಾಕಿ ಹೋಲ್ಡರಿನ ಒಂದು ಪಿನ್ನಿಗೆ ಟೆಸ್ಟರ್ ಮುಟ್ಟಿಸಿದರೆ ಟೆಸ್ಟರಿನ ಕೆಂಪು ದೀಪ ಮಿನುಗಿತು. ಸ್ವಿಚ್ಚೂ ಸರಿ, ಹೋಲ್ಡರಿನವರೆಗೆ ಕರೆಂಟೂ ಬರುತ್ತಿದೆ, ಬಲ್ಬೂ ಗಟ್ಟಿ ಇದೆ. ಆದರೂ ದೀಪ ಇಲ್ಲ. ಎರಡು ವರ್ಷ ಓದಿದ ಭೌತಶಾಸ್ತ್ರ ಅಲ್ಲಿಗೆ ನಿಂತಿತು.

ಮರುದಿನ ನಮ್ಮ ಚಾಚಾ ಬಂದರು. ಅವರು ಮೂವತ್ತು ವರ್ಷದಿಂದ ವಾಯರಿಂಗ್ ಕೆಲಸ ಮಾಡುವವರು. ಚೀಲದಿಂದ ಒಂದು ಟೆಸ್ಟ್ ಲ್ಯಾಂಪ್ ತೆಗೆದರು. ಒಂದು ಹೋಲ್ಡರ್, ಅದರಲ್ಲಿ ಹಳೆಯ ಕಾಲದ ತಂತಿಯ ಬಲ್ಬ್, ಹೋಲ್ಡರಿನಿಂದ ಹೊರಟ ಎರಡು ಉದ್ದ ವಾಯರ್, ಅಷ್ಟೇ. ಆ ಎರಡು ವಾಯರುಗಳನ್ನು ಪಡಸಾಲೆಯ ಹೋಲ್ಡರಿನ ಎರಡು ಪಿನ್ನಿಗೆ ಹಿಡಿದರು. ಬಲ್ಬ್ ಹತ್ತಲಿಲ್ಲ. ಒಂದನ್ನು ಅಲ್ಲಿಯೇ ಹಿಡಿದು, ಇನ್ನೊಂದನ್ನು ಕೆಳಗಿನ ಸ್ವಿಚ್ ಬೋರ್ಡಿನ ಪ್ಲಗ್ಗಿನ ನ್ಯೂಟ್ರಲ್ ತೂತಿಗೆ ಕೊಟ್ಟರು. ಬಲ್ಬ್ ಝಗ್ಗನೆ ಹತ್ತಿತು. ಅಲ್ಲಿಗೆ ಅವರಿಗೆ ರೋಗ ತಿಳಿದಿತ್ತು. ಮೇನ್ ಸ್ವಿಚ್ ಬಂದ್ ಮಾಡಿ, ಟೆಸ್ಟರಿನಿಂದ ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಜಂತಿಗೆ ಬಡಿದ ಸೀಲಿಂಗ್ ರೋಸಿನ ಮುಚ್ಚಳ ತಿರುಗಿಸಿದರು. ಒಳಗೆ ನ್ಯೂಟ್ರಲ್ ವಾಯರ್ ಸ್ಕ್ರೂವಿನಿಂದ ಕಳಚಿ, ತುದಿ ಸುಟ್ಟು ಕಪ್ಪಾಗಿ ನಿಂತಿತ್ತು. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ತಾಮ್ರ ಬಿಡಿಸಿ, ಹೊಸೆದು, ಸ್ಕ್ರೂ ಬಿಗಿದರು. ದೀಪ ಹತ್ತಿತು.

ಚಾಚಾ ಹೇಳಿದ ಮಾತು ಸರಳವಾಗಿತ್ತು. ಕರೆಂಟ್ ಬಂದರೆ ಸಾಲದು, ಅದಕ್ಕೆ ಮರಳಿ ಹೋಗುವ ದಾರಿಯೂ ಬೇಕು. ಟೆಸ್ಟರಿನ ಪುಟ್ಟ ದೀಪ ಹತ್ತಲು ನಮ್ಮ ಮೈಯಿಂದ ಹರಿಯುವ ಅತಿ ಸಣ್ಣ ಕರೆಂಟ್ ಸಾಕು. ಹಾಗಾಗಿ ಅದು ಫೇಸ್ ಬಂದಿದೆ ಎಂದು ಮಾತ್ರ ಹೇಳುತ್ತದೆ; ದಾರಿ ಪೂರ್ತಿ ಇದೆ ಎಂದು ಹೇಳುವುದಿಲ್ಲ. ನಾನು ಬರುವ ದಾರಿಯನ್ನಷ್ಟೇ ನೋಡಿದ್ದೆ, ಹೋಗುವ ದಾರಿಯನ್ನು ನೋಡಿರಲಿಲ್ಲ.

ಆ ಟೆಸ್ಟ್ ಲ್ಯಾಂಪಿನ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದೆ. ಗಾಜಿನ ನೆತ್ತಿಯ ಮೇಲೆ ಅರ್ಧ ಅಳಿಸಿದ ಅಕ್ಷರಗಳಲ್ಲಿ ಮೈಸೂರು ಎಂಬ ಹೆಸರಿತ್ತು. ಅದು ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬು, ಆ ಕಾರ್ಖಾನೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಆದದ್ದು ಎಂದು ಚಾಚಾ ಹೇಳಿದರು. ಕ್ವಿಜ್ ಸ್ಪರ್ಧೆಯ ಒಂದು ಉತ್ತರವಾಗಿ ಮಾತ್ರ ನನಗೆ ಆ ಹೆಸರು ಗೊತ್ತಿತ್ತು. ಅಂದಿನಿಂದ ಅವರ ಬಗ್ಗೆ ಹುಡುಕಿ ಓದತೊಡಗಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು. ಮಿರ್ಜಾ ನಮ್ಮ ಭಾಗದ ದಿವಾನರಲ್ಲ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಮೈಸೂರು ಸಂಸ್ಥಾನ ಬೆಳೆಸಿದ ಕಾರ್ಖಾನೆಗಳು, ಜಲವಿದ್ಯುತ್ ಕೇಂದ್ರಗಳು ಆ ಮೇಲೆ ನಮ್ಮೆಲ್ಲರ ಆಸ್ತಿಯಾದವು. ಹಾಗಾಗಿ ಅವರ ಕಥೆ ನಮ್ಮದೂ ಹೌದು.

ಮಿರ್ಜಾ ಅವರ ಅಜ್ಜ ಅಲಿ ಆಸ್ಕರ್ ಇರಾನಿನ ಶಿರಾಜ್ ನಗರದವರು. 1824ರಲ್ಲಿ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆ ನಿಂತರು. ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆ ಇಂದಿಗೂ ಬೆಂಗಳೂರಿನಲ್ಲಿದೆ. ತಂದೆ ಆಗಾ ಜಾನ್ ಮೈಸೂರು ಮಹಾರಾಜರ ಸೇವೆಯಲ್ಲಿದ್ದರು. ಮಿರ್ಜಾ ಹುಟ್ಟಿದ್ದು ಬೆಂಗಳೂರಿನಲ್ಲಿ, 1883ರ ಅಕ್ಟೋಬರ್ 24ರಂದು. ಪರದೇಶದಿಂದ ಬಂದ ಮನೆತನ ಮೂರನೆಯ ತಲೆಮಾರಿಗೆ ಈ ಮಣ್ಣಿನದೇ ಆಗಿಬಿಟ್ಟಿತ್ತು.

ಬಾಲಕ ಮಿರ್ಜಾಗೆ ಒಂದು ಅಪರೂಪದ ಅವಕಾಶ ಸಿಕ್ಕಿತು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾಠ ಹೇಳಲು ಸ್ಟುಅರ್ಟ್ ಫ್ರೇಜರ್ ಎಂಬ ಅಧಿಕಾರಿಯನ್ನು ನೇಮಿಸಲಾಗಿತ್ತು. ಮಹಾರಾಜರ ಜತೆ ಓದಲು ಆರಿಸಿದ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರು. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಒಂದೇ ಕೋಣೆಯಲ್ಲಿ ಕುಳಿತು ಓದಿದ ಈ ಸ್ನೇಹ 1940ರಲ್ಲಿ ಮಹಾರಾಜರು ತೀರಿಕೊಳ್ಳುವವರೆಗೂ ಉಳಿಯಿತು. ಮುಂದೆ ಮಿರ್ಜಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಆಗಿ ಸರಕಾರಿ ಕೆಲಸ ಆರಂಭಿಸಿದರು. ಬಳಿಕ ಅರಮನೆಯ ಕಚೇರಿಗೆ ಬಂದು, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. ಮಹಾರಾಜರು ಅವರಿಗೆ ಅಮೀನ್-ಉಲ್-ಮುಲ್ಕ್ ಎಂಬ ಬಿರುದು ಕೊಟ್ಟರು. ಅಮೀನ್ ಎಂದರೆ ನಂಬಿಗಸ್ತ, ಅಮಾನತ್ತನ್ನು ಕಾಯುವವನು ಎಂದು ನಮಗೆಲ್ಲ ಗೊತ್ತು. ನಾಡಿನ ನಂಬಿಗಸ್ತ ಎಂಬುದು ಆ ಬಿರುದಿನ ಅರ್ಥ. 1926ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವರು ಮೈಸೂರಿನ ದಿವಾನರಾದರು. 1941ರವರೆಗೆ ಹದಿನೈದು ವರ್ಷ ಆ ಹುದ್ದೆಯಲ್ಲಿದ್ದರು.

ಅವರು ದಿವಾನರಾಗುವ ಮೊದಲೇ ಮೈಸೂರಿನಲ್ಲಿ ವಿದ್ಯುತ್ ಇತ್ತು. ಅದರ ಕಥೆ ತಿಳಿದರೆ ಮಿರ್ಜಾ ಮಾಡಿದ್ದೇನು ಎಂಬುದು ಅರ್ಥವಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆಯಂತೆ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಲಾಯಿತು. ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರ ಜೂನ್‌ನಲ್ಲಿ ಕೇಂದ್ರ ಕೆಲಸ ಆರಂಭಿಸಿದಾಗ ಅದನ್ನು ನೋಡಲು ಅವರಿರಲಿಲ್ಲ. ಅಲ್ಲಿಂದ ಹೊರಟ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹೋಯಿತು. ಅಂದಿನ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತಿನಲ್ಲೇ ದೊಡ್ಡ ಸಾಹಸ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರು ನಗರಕ್ಕೆ ವಿದ್ಯುತ್ ದೀಪ ಬಂತು.

ಇದನ್ನು ಓದುವಾಗ ನನಗೆ ನಮ್ಮ ಪಡಸಾಲೆ ನೆನಪಾಯಿತು. ನದಿ ನಾಡಿನದು, ನೀರು ನಾಡಿನದು. ಆದರೆ ಮೊದಲ ಕರೆಂಟ್ ಹಳ್ಳಿಗಳ ತಲೆಯ ಮೇಲಿನ ತಂತಿಯಲ್ಲಿ ಹಾದು ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದ ಗಣಿಗೆ ಹೋಯಿತು. ಗಣಿಯಿಂದ ಸಂಸ್ಥಾನಕ್ಕೆ ಹಣ ಬಂತು ನಿಜ. ಆದರೆ ತಂತಿಯ ಕೆಳಗಿನ ಗುಡಿಸಲಲ್ಲಿ ಚಿಮಣಿ ದೀಪವೇ ಉರಿಯುತ್ತಿತ್ತು. ಮಿರ್ಜಾ ಅವರ ಕಾಲದ ದೊಡ್ಡ ಕೆಲಸ ಎಂದರೆ ವಿದ್ಯುತ್ತನ್ನು ಆ ತಂತಿಯಿಂದ ಕೆಳಗಿಳಿಸಿದ್ದು. ಹಳ್ಳಿಗಳಿಗೆ ವಿದ್ಯುತ್ ಕೊಡುವುದನ್ನು ಅವರು ಸರಕಾರದ ಕಾರ್ಯಕ್ರಮವನ್ನಾಗಿ ಮಾಡಿದರು. ಮನೆಯ ದೀಪದ ಜತೆಗೆ ಹೊಲಕ್ಕೆ ನೀರೆತ್ತುವ ಪಂಪಿಗೂ, ಊರಿನ ಗಿರಣಿಗೂ ವಿದ್ಯುತ್ ಬೇಕು ಎಂಬುದು ಅವರ ನಿಲುವು. ಭಾರತದಲ್ಲಿ ಹಳ್ಳಿಗೆ ವಿದ್ಯುತ್ ಕೊಂಡೊಯ್ಯುವ ಕೆಲಸದಲ್ಲಿ ಮೈಸೂರು ಮುಂಚೂಣಿಯಲ್ಲಿದ್ದುದಕ್ಕೆ ಇದೇ ಕಾರಣ.

ಒಂದು ದೀಪ ಹತ್ತಬೇಕಾದರೆ ಎಷ್ಟೆಲ್ಲ ಸಾಮಾನು ಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ವಿದ್ಯುತ್ ಮಾಡುವ ಕೇಂದ್ರ ಬೇಕು. ಕಂಬದ ಮೇಲೆ ತಂತಿ ಹಿಡಿಯಲು ಪಿಂಗಾಣಿಯ ಇನ್ಸುಲೇಟರ್ ಬೇಕು. ವೋಲ್ಟೇಜ್ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಕೊನೆಗೆ ಬಲ್ಬ್ ಬೇಕು. ಇದರಲ್ಲಿ ಬಹಳಷ್ಟು ಸಾಮಾನು ಆಗ ಹೊರದೇಶದಿಂದ ಬರುತ್ತಿತ್ತು. ಮಿರ್ಜಾ ಈ ಒಂದೊಂದು ಕೊಂಡಿಯನ್ನೂ ನಾಡಿನಲ್ಲೇ ಮಾಡಿಸಲು ಹೊರಟರು. ಬೆಂಗಳೂರಿನಲ್ಲಿ ಇನ್ಸುಲೇಟರ್ ಮಾಡುವ ಸರಕಾರಿ ಪಿಂಗಾಣಿ ಕಾರ್ಖಾನೆ ಬಂತು. ಟ್ರಾನ್ಸ್‌ಫಾರ್ಮರ್ ಮಾಡುವ ಸರಕಾರಿ ಎಲೆಕ್ಟ್ರಿಕ್ ಕಾರ್ಖಾನೆ ಬಂತು. 1936ರಲ್ಲಿ ಮಲ್ಲೇಶ್ವರದ ಕಡೆ ಮೈಸೂರು ಲ್ಯಾಂಪ್ ವರ್ಕ್ಸ್ ಸ್ಥಾಪನೆಯಾಯಿತು. ನಮ್ಮ ಚಾಚಾ ಅವರ ಟೆಸ್ಟ್ ಲ್ಯಾಂಪಿನಲ್ಲಿದ್ದ ಬಲ್ಬ್ ಹುಟ್ಟಿದ ಮನೆ ಅದೇ. ಶಿಂಷಾ ಜಲವಿದ್ಯುತ್ ಕೇಂದ್ರ 1940ರಲ್ಲಿ ಸಿದ್ಧವಾಯಿತು. ಜೋಗದಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ 1939ರಲ್ಲಿ ಶುರುವಾಯಿತು. ಅದು ವಿದ್ಯುತ್ ಕೊಟ್ಟದ್ದು 1948ರಲ್ಲಿ. ಶೇಷಾದ್ರಿ ಅಯ್ಯರ್ ಅವರ ಹಾಗೆ ಮಿರ್ಜಾ ಕೂಡ ತಾವು ಹಚ್ಚಿದ ದೀಪ ಉರಿಯುವ ಹೊತ್ತಿಗೆ ಆ ಕುರ್ಚಿಯಲ್ಲಿರಲಿಲ್ಲ.

ಬೇರೆ ಉದ್ದಿಮೆಗಳೂ ಅದೇ ಕಾಲದಲ್ಲಿ ಬಂದವು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಇವರ ಆಡಳಿತದಲ್ಲಿ ಆದವು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆ ಕಟ್ಟಲು ಮುಂದೆ ಬಂದಾಗ ಮೈಸೂರು ಸರಕಾರ ಬೆಂಗಳೂರಿನಲ್ಲಿ ಜಾಗ ಕೊಟ್ಟು ಬಂಡವಾಳವನ್ನೂ ಹಾಕಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ಕೃಷ್ಣರಾಜಸಾಗರದ ಕೆಳಗಿನ ಬೃಂದಾವನ ಉದ್ಯಾನ, ಅಲ್ಲಿನ ಕಾರಂಜಿ ಮತ್ತು ಬಣ್ಣದ ದೀಪಗಳೂ ಮಿರ್ಜಾ ಅವರ ಕನಸು. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಅದನ್ನು ನೋಡಿ ಬಂದವರೇ.

ಇಷ್ಟು ಕೆಲಸ ಒಬ್ಬ ಆಡಳಿತಗಾರ ಹೇಗೆ ನಿಭಾಯಿಸಿದರು? ಅವರ ಬಗ್ಗೆ ಬರೆದವರೆಲ್ಲ ಒಂದು ಅಭ್ಯಾಸವನ್ನು ತಪ್ಪದೆ ಹೇಳುತ್ತಾರೆ. ಮಿರ್ಜಾ ಬೆಳಗಿನಲ್ಲಿ ಕುದುರೆ ಏರಿ ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಸುತ್ತುತ್ತಿದ್ದರು. ಎಲ್ಲಿ ಚರಂಡಿ ಕಟ್ಟಿದೆ, ಎಲ್ಲಿ ರಸ್ತೆ ಕಿತ್ತಿದೆ, ಯಾವ ಕಟ್ಟಡದ ಮುಂದೆ ಕಸ ಬಿದ್ದಿದೆ ಎಂದು ಕಣ್ಣಾರೆ ನೋಡುತ್ತಿದ್ದರು. ಕಚೇರಿಗೆ ಹೋದ ಮೇಲೆ ಸಂಬಂಧಪಟ್ಟವರಿಗೆ ಚೀಟಿ ಹೋಗುತ್ತಿತ್ತು. ಮರಳಿ ಅದೇ ದಾರಿಯಲ್ಲಿ ಹೋದಾಗ ಅದು ಸರಿಯಾಗಿರಬೇಕಿತ್ತು.

ಇದು ಬರೀ ಶಿಸ್ತಿನ ಮಾತಲ್ಲ. ದಿವಾನರ ಕಚೇರಿಯಿಂದ ಹುಕುಂ ಹೊರಗೆ ಹೋಗುವುದು ಸುಲಭ. ಅದು ಬೀದಿಗೆ ತಲುಪಿತೋ ಇಲ್ಲವೋ ಎಂಬ ಸುದ್ದಿ ಮರಳಿ ಬರುವುದು ಕಷ್ಟ. ನಡುವೆ ಹತ್ತು ಜನ ಅಧಿಕಾರಿಗಳು, ಹತ್ತು ಸ್ಕ್ರೂಗಳು. ಯಾವುದು ಸಡಿಲಾದರೂ ದಾರಿ ಕಡಿಯುತ್ತದೆ. ಮಿರ್ಜಾ ತಾವೇ ಬೀದಿಗೆ ಹೋಗಿ ಆ ಮರಳುವ ದಾರಿಯನ್ನು ಗಟ್ಟಿ ಇಟ್ಟುಕೊಂಡಿದ್ದರು. ನಾನು ಟೆಸ್ಟರ್ ಹಿಡಿದು ಫೇಸ್ ಮಾತ್ರ ನೋಡಿದೆ. ಅವರು ಚಾಚಾ ಅವರ ಹಾಗೆ ಎರಡೂ ತುದಿ ನೋಡುತ್ತಿದ್ದರು.

ಹಾಗೆಂದು ಅವರ ಬದುಕಿನಲ್ಲಿ ಕತ್ತಲೆ ಇರಲಿಲ್ಲ ಎಂದಲ್ಲ. ದೊಡ್ಡವರ ಬಗ್ಗೆ ಬರೆಯುವಾಗ ಸುಟ್ಟ ವಾಯರಿನ ಮೇಲೆ ಮುಚ್ಚಳ ಹಾಕುವುದು ಸರಿಯಲ್ಲ.

1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರಲ್ಲಿದ್ದ ಗಣಪತಿ ವಿಗ್ರಹದ ವಿಷಯವಾಗಿ ಗಲಾಟೆ ಎದ್ದಿತು. ವಿದ್ಯಾರ್ಥಿಗಳು ಬೀದಿಗೆ ಬಂದರು, ಬಂಧನಗಳಾದವು, ಊರಿನಲ್ಲಿ ಹಿಂದೂ ಮುಸ್ಲಿಮರ ನಡುವೆ ಘರ್ಷಣೆಯಾಯಿತು. ದಿವಾನರು ಮುಸ್ಲಿಮರಾದ್ದರಿಂದ ಅವರ ಮೇಲೆಯೇ ಅನುಮಾನದ ಮಾತು ಬಂತು. ಸರಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ, ಅಂದರೆ ಹಿಂದೆ ದಿವಾನರಾಗಿದ್ದ, ನಾಡೇ ಗೌರವಿಸುವ ವ್ಯಕ್ತಿ. ಸಮಿತಿ ಆಡಳಿತದ ತಪ್ಪುಗಳನ್ನು ಎತ್ತಿ ತೋರಿಸಿತು. ನಮ್ಮ ವಯಸ್ಸಿನ ಹುಡುಗರಿಗೆ ಇದರಲ್ಲಿ ಕಲಿಯುವುದಿದೆ. ತನ್ನ ಧರ್ಮದ ಕಾರಣಕ್ಕೆ ಅನುಮಾನಕ್ಕೆ ಒಳಗಾದ ಮನುಷ್ಯ ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ಮುಂದೆ ಹದಿಮೂರು ವರ್ಷ ಎಲ್ಲರ ಮನೆಗೂ ನೀರು, ದೀಪ, ಕೆಲಸ ಒದಗಿಸುತ್ತ ಹೋದರು. ಅವರ ಹೆಸರು ಉಳಿದದ್ದು ಆ ಕೆಲಸದಿಂದ.

ಎರಡನೆಯದು ಇನ್ನೂ ಭಾರವಾದದ್ದು. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜನರಿಗೆ ಜವಾಬ್ದಾರಿ ಸರಕಾರ ಬೇಕೆಂಬ ಚಳವಳಿ ಬಲವಾಯಿತು. ಕಾಂಗ್ರೆಸ್ ಧ್ವಜ ಹಾರಿಸಬಾರದೆಂದು ಸರಕಾರ ನಿಷೇಧ ಹಾಕಿತು. ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಆಗ ದಿವಾನರು ಮಿರ್ಜಾ. ಬೆಳಗಾಗೆದ್ದು ಚರಂಡಿಯ ದೂರನ್ನು ತಾವೇ ಹೋಗಿ ಕೇಳುತ್ತಿದ್ದವರಿಗೆ ಜನರ ಈ ದೊಡ್ಡ ದೂರು ಕೇಳಿಸಲಿಲ್ಲ. ಬೀದಿಯ ದೀಪ ಉರಿಯುತ್ತಿದ್ದರೂ ಜನರ ಮಾತು ಅರಮನೆಗೆ ಮರಳುವ ತಂತಿ ಅಲ್ಲಿ ಕಳಚಿತ್ತು ಎಂದೇ ನನಗೆ ಅನ್ನಿಸುತ್ತದೆ. ಕರೆಂಟ್ ಕೊಟ್ಟರೆ ಸಾಲದು ಎಂಬ ಚಾಚಾ ಅವರ ಮಾತು ಇಲ್ಲಿಯೂ ನಿಜ.

ಆದರೆ ಆ ಮುಚ್ಚಳ ಮುಚ್ಚಿಯೇ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಅವರೊಡನೆ ಕುಳಿತು ಮಾತಾಡಿದರು. ಸಂಸ್ಥಾನದ ಧ್ವಜದ ಜತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾಯಿತು. ಚರಿತ್ರೆಯಲ್ಲಿ ಇದಕ್ಕೆ ಮಿರ್ಜಾ ಪಟೇಲ್ ಒಪ್ಪಂದ ಎಂದೇ ಹೆಸರು. ಸತ್ತವರು ಮರಳಲಿಲ್ಲ. ಜವಾಬ್ದಾರಿ ಸರಕಾರವೂ ಆಗ ಬರಲಿಲ್ಲ, ಅದಕ್ಕೆ ಜನ 1947ರವರೆಗೆ ಹೋರಾಡಬೇಕಾಯಿತು. ಆದರೂ ಬಂದೂಕಿನ ಬದಲು ಮಾತಿಗೆ ಕೂತದ್ದು ಸಣ್ಣದಲ್ಲ.

ನಾಲ್ವಡಿಯವರು ತೀರಿಕೊಂಡ ಮರುವರ್ಷ, 1941ರಲ್ಲಿ ಮಿರ್ಜಾ ದಿವಾನಗಿರಿಗೆ ರಾಜೀನಾಮೆ ಕೊಟ್ಟರು. 1942ರಲ್ಲಿ ಜೈಪುರದ ಮಹಾರಾಜರು ಅವರನ್ನು ತಮ್ಮ ಪ್ರಧಾನಮಂತ್ರಿಯಾಗಿ ಕರೆದರು. ಅಲ್ಲಿ ಹಳೆಯ ಕೋಟೆಗೋಡೆಯ ಹೊರಗೆ ಬೆಳೆಯುತ್ತಿದ್ದ ಊರಿಗೆ ಅಗಲವಾದ ರಸ್ತೆ, ಒಪ್ಪವಾದ ರೂಪ ಕೊಟ್ಟರು. ಜೈಪುರದ ಮುಖ್ಯ ರಸ್ತೆಗೆ ಇಂದಿಗೂ ಅವರದೇ ಹೆಸರು. ಜನ ಎಂ.ಐ. ರೋಡ್ ಎನ್ನುತ್ತಾರೆ. ಕನ್ನಡ ನಾಡಿನ ಒಬ್ಬ ಮುಸ್ಲಿಮನ ಹೆಸರು ರಾಜಸ್ಥಾನದ ರಾಜಧಾನಿಯ ನಡುವೆ ದಿನವೂ ಸಾವಿರಾರು ಜನರ ಬಾಯಲ್ಲಿದೆ. ಅದರಲ್ಲಿ ಬಹಳ ಮಂದಿಗೆ ಆ ಎರಡು ಅಕ್ಷರ ಏನೆಂದು ತಿಳಿದಿರಲಿಕ್ಕಿಲ್ಲ.

1946ರಲ್ಲಿ ಅವರು ಹೈದರಾಬಾದಿನ ನಿಜಾಮರ ಪ್ರಧಾನಮಂತ್ರಿಯಾದರು. ಅದು ದೇಶ ಒಡೆಯುವ ಹೊತ್ತು. ದೇಶ ಇಬ್ಭಾಗವಾಗುವುದನ್ನು ಮಿರ್ಜಾ ಒಪ್ಪಿದವರಲ್ಲ. ಹೈದರಾಬಾದು ಭಾರತದೊಡನೆ ಹೊಂದಿಕೊಂಡು ಹೋಗುವುದೇ ಎಲ್ಲರಿಗೂ ಒಳ್ಳೆಯದು ಎಂಬುದು ಅವರ ಅಭಿಪ್ರಾಯ. ಅಲ್ಲಿನ ಉಗ್ರ ಗುಂಪುಗಳಿಗೆ ಅದು ಬೇಕಿರಲಿಲ್ಲ. ಅವರ ಮಾತು ನಡೆಯಲಿಲ್ಲ. 1947ರಲ್ಲಿ ಅವರು ಆ ಹುದ್ದೆ ಬಿಟ್ಟು ಬಂದರು. ಮುಂದಿನ ವರ್ಷ ಹೈದರಾಬಾದಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ನಮ್ಮ ಕಲಬುರಗಿ, ಬೀದರ್, ರಾಯಚೂರಿನ ಹಿರಿಯರು ಆ ನೋವನ್ನು ಬಲ್ಲರು. ಎಲ್ಲ ದೋಷಗಳನ್ನೂ ರಿಪೇರಿ ಮಾಡಲು ಆಗುವುದಿಲ್ಲ. ಕೆಲವು ಕಡೆ ಮನೆಯವರೇ ಮುಚ್ಚಳ ತೆಗೆಯಲು ಬಿಡುವುದಿಲ್ಲ.

ಅವರು ಮರಳಿದ್ದು ಬೆಂಗಳೂರಿಗೆ. ಪಾಕಿಸ್ತಾನಕ್ಕೂ ಹೋಗಲಿಲ್ಲ, ಅಜ್ಜನ ಇರಾನಿಗೂ ಹೋಗಲಿಲ್ಲ. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ತಂದರು. 1959ರ ಜನವರಿ 5ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಹುಟ್ಟಿದ ಊರಾದ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಅಷ್ಟು ಹೊತ್ತಿಗೆ ನಮ್ಮ ಸಂಶಿ, ಕುಂದಗೋಳ, ಹುಬ್ಬಳ್ಳಿ ಎಲ್ಲವೂ ಅವರ ಬೆಂಗಳೂರಿನೊಡನೆ ಒಂದೇ ರಾಜ್ಯವಾಗಿ ಎರಡು ವರ್ಷ ದಾಟಿತ್ತು. ಅವರು ಕಟ್ಟಿದ ಬಲ್ಬಿನ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಹುಟ್ಟಿದ ಒಂದು ಬಲ್ಬ್ ಮಾತ್ರ ನಮ್ಮ ಚಾಚಾ ಅವರ ಚೀಲದಲ್ಲಿದ್ದು, ಬೇರೆ ಮನೆಗಳ ದೀಪ ಯಾಕೆ ಹತ್ತುವುದಿಲ್ಲ ಎಂದು ಇಂದಿಗೂ ಹೇಳುತ್ತಿದೆ.

ಈ ಬದುಕನ್ನು ಓದಿದ ಮೇಲೆ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು, ದೀಪ ಹತ್ತದಿದ್ದರೆ ಏನು ನೋಡಬೇಕು ಎಂಬುದನ್ನು ಚಾಚಾ ಅವರಿಂದ ಕೇಳಿ ಕ್ರಮವಾಗಿ ಬರೆದಿಟ್ಟುಕೊಂಡೆ. ನಿಮಗೂ ಬೇಕಾದೀತು. ಮೊದಲು ಓಣಿಯಲ್ಲಿ ಕರೆಂಟ್ ಇದೆಯೇ ನೋಡಿ. ಬಳಿಕ ಮನೆಯ ಉಳಿದ ದೀಪ ನೋಡಿ; ಅವೂ ಹತ್ತದಿದ್ದರೆ ಫ್ಯೂಜ್ ಅಥವಾ ಕೆಳಗೆ ಬಿದ್ದ ಎಂಸಿಬಿ ನೋಡಿ. ಎಂಸಿಬಿ ಎತ್ತಿದೊಡನೆ ಮತ್ತೆ ಬಿದ್ದರೆ ಬಲವಂತ ಮಾಡಬೇಡಿ, ಒಳಗೆ ಎಲ್ಲೋ ವಾಯರ್ ಕೂಡಿಕೊಂಡಿದೆ. ಒಂದೇ ದೀಪ ಹತ್ತದಿದ್ದರೆ ಸ್ವಿಚ್ ಬಂದ್ ಮಾಡಿ, ಬಲ್ಬ್ ತಣ್ಣಗಾದ ಮೇಲೆ, ಉರಿಯುತ್ತಿರುವ ಬಲ್ಬೊಂದನ್ನು ಅಲ್ಲಿ ಹಾಕಿ ನೋಡಿ. ಅದೂ ಹತ್ತದಿದ್ದರೆ ತಪ್ಪು ಸ್ವಿಚ್ಚಿನಲ್ಲಿ, ಹೋಲ್ಡರಿನಲ್ಲಿ, ಸೀಲಿಂಗ್ ರೋಸಿನಲ್ಲಿ ಅಥವಾ ನಡುವಿನ ವಾಯರಿನಲ್ಲಿದೆ. ಸ್ವಿಚ್ ಹಾಕಿದಾಗ ಚರಚರ ಸದ್ದು ಬಂದರೆ, ಸುಟ್ಟ ವಾಸನೆ ಬಂದರೆ, ದೀಪ ಮಿಣುಕಿದರೆ ಎಲ್ಲೋ ಸ್ಕ್ರೂ ಸಡಿಲಾಗಿದೆ ಎಂದೇ ತಿಳಿಯಿರಿ. ಇಲ್ಲಿಂದ ಮುಂದಿನದು ಬಲ್ಲವರ ಕೆಲಸ. ನಾನು ಅಂದು ಮಾಡಿದ ಹಾಗೆ ಸ್ವಿಚ್ ಹಾಕಿಟ್ಟು ಹೋಲ್ಡರಿನೊಳಗೆ ಟೆಸ್ಟರ್ ತೂರಿಸುವುದು ತಪ್ಪು. ಚಾಚಾ ಅದಕ್ಕೆ ಸರಿಯಾಗಿಯೇ ಬೈದರು. ಬರೀ ಸ್ವಿಚ್ ಬಂದ್ ಮಾಡಿ ರೋಸ್ ಬಿಚ್ಚುವುದೂ ತಪ್ಪು. ಯಾರೋ ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿದ್ದರೆ ಮೇಲೆ ಫೇಸ್ ಜೀವಂತ ಇರುತ್ತದೆ. ಮೇನ್ ಬಂದ್ ಆಗದೆ ಮುಚ್ಚಳಕ್ಕೆ ಕೈ ಹಚ್ಚಬಾರದು. ಕೈ, ಕಾಲು, ನೆಲ ಹಸಿ ಇರಬಾರದು. ಏಣಿ ಹಿಡಿಯಲು ಒಬ್ಬರು ಇರಬೇಕು.

ಎರಡನೆಯದು, ಪಡಸಾಲೆಯಲ್ಲಿ ಓದಲು ಕೂಡುವ ಮೊದಲು ದಾದಿಯವರ ಹತ್ತಿರ ಹತ್ತು ನಿಮಿಷ ಕೂಡುವುದನ್ನು ರೂಢಿ ಮಾಡಿಕೊಂಡೆ. ಪಡಸಾಲೆಯ ಬಲ್ಬ್ ಮಿಣುಕುತ್ತಿದೆ ಎಂದು ಅವರು ಎಂಟು ದಿನದ ಹಿಂದೆಯೇ ಮೂರು ಸಲ ಹೇಳಿದ್ದರಂತೆ. ಸ್ಕ್ರೂ ಆಗಲೇ ಸಡಿಲಾಗಿತ್ತು. ಮನೆಯಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ, ನಾನೂ ಕೇಳಿಸಿಕೊಂಡಿರಲಿಲ್ಲ.